ಮೇಜು ಮುಟ್ಟಬೇಡಿ

ನನ್ನ ಕೆಲಸ ಯಂತ್ರಗಳನ್ನು ಮಲಗಿಸುವುದು. ಹೀಗೆಂದರೆ ಜನ ನಗುತ್ತಾರೆ, ನಗಲಿ. ಇಪ್ಪತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಇದರಲ್ಲಿ ನನ್ನನ್ನು ಮೀರಿಸುವವರು ನಮ್ಮ ದೊಡ್ಡನೆಕ್ಕುಂದಿಯಲ್ಲಂತೂ ಇಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಆ ಜಂಬಕ್ಕೆ ಸರಿಯಾದ ಪೆಟ್ಟು ಬಿದ್ದದ್ದು ಶಿವಾಜಿನಗರದ ಒಂದು ಲೇಸಿನ ಅಂಗಡಿಯಿಂದ. ಪೆಟ್ಟು ತಿಂದ ಮೇಲೆ ನಾನು ಗೆದ್ದದ್ದೂ ಅಲ್ಲಿಯೇ. ಹಾಗಾಗಿ ಇದನ್ನು ಹೇಳಲು ನನಗೆ ನಾಚಿಕೆಯೇನಿಲ್ಲ.

ಮೊದಲು ಈ ಮಲಗಿಸುವ ವಿಷಯ ಹೇಳಿಬಿಡುತ್ತೇನೆ. ನಿಮ್ಮ ಕೈಯಲ್ಲಿರುವ ಫೋನಿಗೆ ದಿನದ ಬಹುಪಾಲು ಹೊತ್ತು ಮಾಡಲು ಕೆಲಸವೇ ಇರುವುದಿಲ್ಲ. ಆಗ ಅದರೊಳಗಿನ ಆಪರೇಟಿಂಗ್ ಸಿಸ್ಟಮ್ ಒಂದೊಂದೇ ಭಾಗವನ್ನು ವಿಚಾರಿಸಿಕೊಂಡು ಬರುತ್ತದೆ. ಪರದೆಗೆ ಕೆಲಸವಿದೆಯೇ? ಇಲ್ಲ, ಆರಿಸು. ಸ್ಪೀಕರಿಗೆ? ಇಲ್ಲ, ಕರೆಂಟು ತೆಗೆ. ಕೊನೆಗೆ ಪ್ರೊಸೆಸರನ್ನೂ ಮಲಗಿಸಿ, ಯಾರು ಬಂದು ಕರೆದರೆ ಎಬ್ಬಿಸಬೇಕು, ಯಾರು ಕರೆದರೂ ಎಬ್ಬಿಸಬಾರದು ಎಂದು ಒಂದು ಪಟ್ಟಿ ಇಟ್ಟು ತಾನೂ ಒರಗುತ್ತದೆ. ಬ್ಯಾಟರಿ ಉಳಿಯುವುದು ಈ ನಿದ್ದೆಯಿಂದಲೇ. ಮಲಗಿಸುವುದು ಅಂಥ ಕಷ್ಟದ ಕೆಲಸವಲ್ಲ, ತಲೆ ತಿನ್ನುವುದು ಆ ಪಟ್ಟಿ. ನಮ್ಮ ಅಜ್ಜಿ ಮಧ್ಯಾಹ್ನ ಜಗಲಿಯ ಮೇಲೆ ಮಲಗಿದರೆ ರಿಂಗ್ ರೋಡಿನ ಲಾರಿಗಳೆಲ್ಲ ಒಟ್ಟಿಗೆ ಹಾರನ್ ಹೊಡೆದರೂ ಏಳುತ್ತಿರಲಿಲ್ಲ. ಒಳಗೆ ಬೆಣ್ಣೆ ಗಡಿಗೆಯ ಮುಚ್ಚಳ ಇಷ್ಟೇ ಇಷ್ಟು ಸರಿದರೆ ಸಾಕು, ಕಣ್ಣು ಬಿಡದೆಯೇ ನನ್ನ ಹೆಸರು ಹಿಡಿದು ಕೂಗುತ್ತಿದ್ದಳು. ಒಂದು ಯಂತ್ರಕ್ಕೆ ಅಷ್ಟು ಬುದ್ಧಿ ಕಲಿಸುವುದಕ್ಕೆ ನನಗೆ ಸಂಬಳ ಕೊಡುತ್ತಾರೆ.

ನಮ್ಮದು ಚಿಕ್ಕ ಕಂಪನಿ. ದೊಡ್ಡನೆಕ್ಕುಂದಿಯ ಕೈಗಾರಿಕಾ ಪ್ರದೇಶದಲ್ಲಿ ಸಾಲಾಗಿ ನಿಂತ ಶೆಡ್ಡುಗಳಲ್ಲಿ ಒಂದು ನಮ್ಮದು. ಹುಟ್ಟಿ ಬೆಳೆದ ಮನೆಯಿಂದ ನಡೆದುಕೊಂಡೇ ಹೋಗಿಬರುತ್ತೇನೆ. ಟ್ರಾಫಿಕ್ಕಿನ ಬಗ್ಗೆ ಗೋಳಾಡುವವರ ಮುಂದೆ ಇದನ್ನು ಹೇಳಿ ಹೊಟ್ಟೆ ಉರಿಸುವುದು ನನಗೊಂದು ಖುಷಿ. ಧ್ವನಿ ಕಳೆದುಕೊಂಡವರಿಗಾಗಿ ನಾವು ಒಂದು ಮಾತಾಡುವ ಡಬ್ಬಿ ಮಾಡುತ್ತಿದ್ದೆವು. ಅಂಗೈಯಗಲದ್ದು, ದಾರದಲ್ಲಿ ಕೊರಳಿಗೆ ತೂಗುಹಾಕಿಕೊಳ್ಳುವಂಥದು. ಅದರ ಮೇಲೆ ಟೈಪ್ ಮಾಡಿದ್ದನ್ನು ಕನ್ನಡ, ತಮಿಳು, ಉರ್ದು ಮೂರರಲ್ಲೂ ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಮಲಗಿರುವ ಡಬ್ಬಿಯನ್ನು ಎಬ್ಬಿಸಲು ಗುಂಡಿ ಒತ್ತಬೇಕಾಗಿರಲಿಲ್ಲ. ಎದೆಯಿಂದ ಮೇಲಕ್ಕೆತ್ತಿದರೆ ಒಳಗಿನ ಚಲನೆಯ ಸೆನ್ಸರಿಗೆ ತಿಳಿದು ತಾನೇ ಎದ್ದುಬಿಡುತ್ತಿತ್ತು. ಆ ಸೆನ್ಸರನ್ನು ಎಬ್ಬಿಸುವವರ ಪಟ್ಟಿಗೆ ಸೇರಿಸಿದವಳು ನಾನೇ.

ಪರೀಕ್ಷೆಗೆಂದು ನಾಲ್ಕಾರು ಜನರಿಗೆ ಡಬ್ಬಿ ಕೊಟ್ಟಿದ್ದೆವು. ಅವರಲ್ಲಿ ಒಬ್ಬರು ಸಾಹೇಬರು. ಐವತ್ತು ದಾಟಿದವರು, ಶಿವಾಜಿನಗರದ ಒಂದು ಗಲ್ಲಿಯಲ್ಲಿ ಲೇಸು, ಜರಿ ಅಂಚು, ಗುಂಡಿ, ಸೂಜಿ ದಾರ ಮಾರುವ ಅಂಗಡಿ ಅವರದು. ಮನೆ ಕೆ.ಆರ್. ಪುರದ ಕಡೆ. ಗಂಟಲಿನ ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆಯನ್ನು ತೆಗೆದಿದ್ದರು. ಅದಕ್ಕೂ ಮುಂಚೆ ಆ ಗಲ್ಲಿಯಲ್ಲಿ ಅವರ ಬಾಯಿ ಬಹಳ ಪ್ರಸಿದ್ಧವಾಗಿತ್ತಂತೆ. ತಮಿಳಿನವರಿಗೆ ತಮಿಳು, ನಮ್ಮಂಥವರಿಗೆ ಕನ್ನಡ, ಮನೆಯವರಿಗೆ ದಖನಿ ಉರ್ದು, ಚೌಕಾಸಿಗೆ ಬಂದವರಿಗೆ ಮೂರೂ ಸೇರಿಸಿ. ಬರೀ ಒಂದು ಗುಂಡಿ ಕೊಳ್ಳಲು ಬಂದವರು ಸೀರೆ ಪೂರ್ತಿಗೆ ಅಂಚು ತೆಗೆದುಕೊಂಡು ಹೋಗುತ್ತಿದ್ದರಂತೆ. ಆಪರೇಷನ್ ಆದಮೇಲೆ ಅಂಗಡಿಯ ಮುಂದಿನ ಜಾಗಕ್ಕೆ ಅವರ ತಮ್ಮ ಬಂದ. ಕೆಟ್ಟವನಲ್ಲ. ಅಣ್ಣ ಆರಾಮಾಗಿರಲಿ ಎಂದೇ ಒಳಗೆ ಗೋಡೌನಿನಲ್ಲಿ ಒಂದು ಸ್ಟೂಲು, ಒಂದು ಫ್ಯಾನು ಹಾಕಿಸಿ, ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುವ ಕೆಲಸ ಕೊಟ್ಟಿದ್ದ.

ಡಬ್ಬಿ ಸಿಕ್ಕಿದ ಮರುದಿನವೇ ಸಾಹೇಬರು ಗೋಡೌನಿನಿಂದ ಹೊರಗೆ ಬಂದು ಮುಂದಿನ ಜಾಗದಲ್ಲಿ ನಿಂತರು. ಆದರೆ ಹತ್ತು ದಿನ ಕಳೆಯುವುದರೊಳಗೆ ನಮ್ಮ ಆಫೀಸಿನ ಬಾಗಿಲಿಗೂ ಬಂದರು. ಡಬ್ಬಿಯನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಬಂದಿದ್ದರು. ಅದು ಸತ್ತು ಬಿದ್ದಿತ್ತು, ಆದ್ದರಿಂದ ಚೀಟಿಯಲ್ಲಿ ಬರೆದು ತೋರಿಸಿದರು. ಬೆಳಿಗ್ಗೆ ಫುಲ್ ಚಾರ್ಜ್ ಮಾಡಿಕೊಂಡು ಹೊರಟರೂ ನಾಲ್ಕು ಗಂಟೆಗೆ ಆರಿಹೋಗುತ್ತದೆ, ತಮ್ಮ ಗಿರಾಕಿಗಳು ಬರುವುದೇ ನಾಲ್ಕರ ಮೇಲೆ, ವ್ಯಾಪಾರ ಜೋರಿದ್ದ ದಿನವಂತೂ ಮೂರಕ್ಕೇ ಕೈಕೊಡುತ್ತದೆ ಎಂದು ಬರೆದಿದ್ದರು. ಇನ್ನೊಂದು ಮಾತನ್ನು ಚೀಟಿಯ ಹಿಂದೆ ಬರೆದಿದ್ದರು. ಮದುವೆ ಸೀಸನ್ ಶುರುವಾಗುವ ಶನಿವಾರದವರೆಗೆ ತಮ್ಮ ಕಾಯುತ್ತಾನೆ. ಅಷ್ಟರಲ್ಲಿ ಡಬ್ಬಿ ಸರಿಹೋಗದಿದ್ದರೆ ಸೀಸನ್ನಿಗೆ ಮುಂದೆ ಅವನೇ ನಿಲ್ಲುವುದು, ತಾವು ಒಳಗೆ. ಆ ಶನಿವಾರಕ್ಕೆ ಇನ್ನು ಮೂರು ವಾರವಿತ್ತು.

ಈಗ ನನ್ನ ದಡ್ಡತನ ಕೇಳಿ. ನಮ್ಮ ಲ್ಯಾಬಿನಲ್ಲಿ ಅದೇ ಡಬ್ಬಿ ಒಂದು ಚಾರ್ಜಿಗೆ ಎರಡು ದಿನ ಬರುತ್ತಿತ್ತು. ನಾನೇ ಅಳೆದದ್ದು. ನನ್ನ ಅಳತೆ ತಪ್ಪಾಗಲು ಸಾಧ್ಯವೇ? ಆದ್ದರಿಂದ ಆ ಮನುಷ್ಯನ ಎದುರಿಗೆ ನಿಂತು ಹೇಳಿದೆ:

"ಜಾಸ್ತಿ ಮಾತಾಡ್ತೀರೇನೋ ಸಾಹೇಬ್ರೇ. ಸ್ವಲ್ಪ ಕಮ್ಮಿ ಮಾಡಿ ನೋಡಿ."

ಧ್ವನಿ ಹೋದವರಿಗೆ ಮಾತು ಕಮ್ಮಿ ಮಾಡಿ ಎಂದು ಹೇಳಿದ ನನ್ನ ನಾಲಗೆಯ ನೆನಪಾದರೆ ಇವತ್ತಿಗೂ ಮುಖ ಬಿಸಿಯಾಗುತ್ತದೆ. ಅವರು ಸಿಟ್ಟಾಗಲಿಲ್ಲ. ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು, ಚೀಟಿಯನ್ನು ಮೇಜಿನ ಮೇಲೆ ಬಿಟ್ಟು ಹೊರಟರು. ಬಾಗಿಲಿನ ಹತ್ತಿರ ತಿರುಗಿ ಕೈಯೆತ್ತಿ ಸಲಾಂ ಮಾಡಿದ್ದರಿಂದ ನನಗೆ ಇನ್ನಷ್ಟು ನಾಚಿಕೆಯಾಯಿತು.

ಅವರು ಹೋದಮೇಲೆ ನನ್ನ ಜೊತೆಯ ಹಲಸೂರಿನ ಹುಡುಗಿ ಆ ಡಬ್ಬಿಯ ಲಾಗ್, ಅಂದರೆ ಅದು ತಾನೇ ಬರೆದಿಟ್ಟುಕೊಂಡ ದಿನಚರಿ, ತೆಗೆದು ನೋಡಿದಳು. ಬೋರ್ಡುಗಳ ಕೆಲಸವೆಲ್ಲ ಅವಳದು, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಮುಖಸ್ತುತಿ ಎಂದರೆ ಏನೆಂದು ಗೊತ್ತಿಲ್ಲದವಳು. ಸಾಹೇಬರು ಡಬ್ಬಿಯಲ್ಲಿ ಮಾತಾಡಿದ್ದು ಡಬ್ಬಿ ಪಡೆದ ಬೇರೆಲ್ಲರಿಗಿಂತ ಕಡಿಮೆ ಎಂದಳು. ಬ್ಯಾಟರಿ ಉಳಿಯಲಿ ಎಂದು ಅಳೆದು ಸುರಿದು ಮಾತಾಡುತ್ತಿದ್ದರು. ಆದರೂ ಡಬ್ಬಿ ಹಗಲೆಲ್ಲ ಎಚ್ಚರವಾಗಿಯೇ ಇತ್ತು. ಯಾರು ಎಬ್ಬಿಸಿದರು ಎಂಬುದು ಲಾಗಿನಲ್ಲಿ ಇರಲಿಲ್ಲ, ಏಕೆಂದರೆ ಹಾಗೆ ಬರೆದಿಡುವುದಕ್ಕೂ ಕರೆಂಟು ಖರ್ಚಾಗುತ್ತದೆ ಎಂದು ಆ ಭಾಗವನ್ನು ಕಿತ್ತು ಹಾಕಿಸಿದವಳು, ಮತ್ತೆ, ನಾನೇ.

ಸರಿ, ಎಬ್ಬಿಸಿದವರ ಹೆಸರು ಬರೆದಿಡುವಂತೆ ಇನ್ನೊಂದು ಡಬ್ಬಿಯನ್ನು ತಯಾರು ಮಾಡಿದೆ. ಲ್ಯಾಬಿನಲ್ಲಿ ಅದು ಮಗುವಿನ ಹಾಗೆ ಮಲಗಿತು. ಸಾಹೇಬರ ದಾರಿಯಲ್ಲೇ ಹೋಗಿ ನೋಡೋಣ ಎಂದು ಕೆ.ಆರ್. ಪುರದಲ್ಲಿ ಮೆಟ್ರೊ ಹತ್ತಿದೆ. ಸೀಟು ಸಿಕ್ಕಿತು. ಡಬ್ಬಿಯನ್ನು ಚೀಲದಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡು, ಇಂದಿರಾನಗರದ ಮನೆಗಳ ತಾರಸಿಯಲ್ಲಿ ಒಣಹಾಕಿದ ಬಟ್ಟೆಗಳನ್ನು ನೋಡುತ್ತ ಮಹಾರಾಣಿಯ ಹಾಗೆ ಹೋದೆ. ಎಂ.ಜಿ. ರೋಡಿನಲ್ಲಿ ಇಳಿದು ಬೆಂಚಿನ ಮೇಲೆ ಕೂತು ನೋಡಿದರೆ ರೈಲಿನಲ್ಲಿದ್ದಷ್ಟು ಹೊತ್ತೂ ಡಬ್ಬಿ ಎರಡೇ ಸಲ ಎದ್ದಿತ್ತು. ಎರಡು ಸಲವೂ ನಾನೇ ಎತ್ತಿ ನೋಡಿದ್ದು. ಅಲ್ಲಿಂದ ಶಿವಾಜಿನಗರಕ್ಕೆ ಹೋಗುವ ಅಗತ್ಯವೇ ಕಾಣದೆ, ಹಾಗೇ ವಾಪಸ್ಸು ಬಂದು, ಅವರ ಡಬ್ಬಿಯೇ ಕೆಟ್ಟಿದೆ ಎಂದು ಮ್ಯಾನೇಜರಿಗೆ ತೀರ್ಪು ಕೊಟ್ಟೆ. ಹೊಸ ಡಬ್ಬಿ ಕಳಿಸಿದೆವು. ಅದೂ ನಾಲ್ಕು ಗಂಟೆಗೆ ಸತ್ತಿತು. ಒಂದು ವಾರ ಹೀಗೆ ಮಣ್ಣುಪಾಲಾಯಿತು.

ಹಲಸೂರಿನ ಹುಡುಗಿ ಆ ಸೋಮವಾರ ನನ್ನ ಕುರ್ಚಿಯ ಪಕ್ಕ ಬಂದು ನಿಂತಳು. "ಅಕ್ಕಾ, ಲೇಸಂಗಡಿ ಭಾಯ್ ಮೆಟ್ರೋದಲ್ಲಿ ಹೋಗಲ್ಲ. ಟಿನ್ ಫ್ಯಾಕ್ಟರಿಯಿಂದ ಬಸ್ಸು. ನೀವು ಕೇಳ್ಲೇ ಇಲ್ಲ."

ಕೇಳಿರಲಿಲ್ಲ, ನಿಜ. ಮರುದಿನ ಬೆಳಿಗ್ಗೆ ನಾವಿಬ್ಬರೂ ಟಿನ್ ಫ್ಯಾಕ್ಟರಿಯಲ್ಲಿ ಹಾಜರಾದೆವು. ಸಾಹೇಬರು ಬಸ್ ಸ್ಟಾಪಿನಲ್ಲಿ ನಮ್ಮನ್ನು ನೋಡಿ ಹುಬ್ಬೇರಿಸಿದರು. ಅವರ ಹಾಗೆಯೇ ನಾನೂ ಒಂದು ಡಬ್ಬಿಯನ್ನು ಕೊರಳಿಗೆ ಹಾಕಿಕೊಂಡಿದ್ದೆ, ಅದರಿಂದ ಒಂದು ವೈರು ಹುಡುಗಿಯ ಲ್ಯಾಪ್‌ಟಾಪಿಗೆ ಹೋಗಿತ್ತು. ಆ ಜಂಕ್ಷನ್ನಿನಲ್ಲಿ ಬಸ್ಸು ನಿಲ್ಲುವ ಜಾಗವೆಂದು ಒಂದಿಲ್ಲ. ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಓಡಬೇಕು. ವೈರು ಹಿಡಿದುಕೊಂಡು ಇಬ್ಬರು ಹೆಂಗಸರು ಜೋಡಿ ಎತ್ತುಗಳ ಹಾಗೆ ಓಡಿ ಹತ್ತಿದ್ದನ್ನು ನೋಡಿ ಕಂಡಕ್ಟರ್ ಏನು ತಿಳಿದನೋ, ಯಾರನ್ನೋ ಎಬ್ಬಿಸಿ ಹುಡುಗಿಗೆ ಸೀಟು ಕೊಡಿಸಿದ. ನಾನು ಸಾಹೇಬರ ಹಿಂದೆ ಕಂಬಿ ಹಿಡಿದು ನಿಂತೆ.

ಬಸ್ಸು ಹೊರಟು ಮೊದಲ ರೋಡ್ ಹಂಪಿನ ಮೇಲೆ ಹಾರಿತು. ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ಬಿತ್ತು: ಎಬ್ಬಿಸಿದ್ದು ಚಲನೆಯ ಸೆನ್ಸರ್. ಮುಂದೆ ರಸ್ತೆಯಲ್ಲಿ ಒಂದು ಗುಂಡಿ, ಇನ್ನೊಂದು ಸಾಲು. ಡ್ರೈವರ್ ಬ್ರೇಕ್ ಹಾಕಿದ, ಇನ್ನೊಂದು. ಎದ್ದ ಡಬ್ಬಿ ಮತ್ತೆ ಮಲಗಬೇಕಾದರೆ ಅರ್ಧ ನಿಮಿಷ ಅಲುಗಾಡದೆ ಇರಬೇಕು ಎಂದು ನಾನು ನಿಯಮ ಮಾಡಿದ್ದೆ. ಮಾತಿನ ಮಧ್ಯೆ ಅದು ಒರಗಿಬಿಡಬಾರದಲ್ಲ. ಹಳೇ ಮದ್ರಾಸ್ ರಸ್ತೆಯಲ್ಲಿ ಅರ್ಧ ನಿಮಿಷ ಅಲುಗಾಡದೆ ಇರುವ ಬಸ್ಸನ್ನು ಯಾರಾದರೂ ಕಂಡಿದ್ದೀರಾ? ಒಂದು ಗುಂಡಿಗೆ ಎದ್ದದ್ದಕ್ಕೆ ಮತ್ತೆ ನಿದ್ದೆ ಬರುವುದರೊಳಗೆ ಮುಂದಿನ ಗುಂಡಿ ಬಂದು ತಟ್ಟುತ್ತಿತ್ತು. ಪ್ರತಿ ಸಲವೂ ಪಾಪದ ಡಬ್ಬಿ ಪ್ರೊಸೆಸರನ್ನು ಎಬ್ಬಿಸಿ, ಸ್ಪೀಕರಿಗೆ ಕರೆಂಟು ಕೊಟ್ಟು, ನೆಟ್‌ವರ್ಕಿನ ರೇಡಿಯೊ ಹಚ್ಚಿ, ಸಾಹೇಬರು ಏನೋ ಹೇಳುತ್ತಾರೆಂದು ಸಿದ್ಧವಾಗಿ ಕಾಯುತ್ತಿತ್ತು. ಹುಡುಗಿ ಬೈಯಪ್ಪನಹಳ್ಳಿಯವರೆಗೆ ಸಾಲುಗಳನ್ನು ಎಣಿಸಿ, ಆಮೇಲೆ ಕೈಬಿಟ್ಟಳು. ಹಲಸೂರು ಕೆರೆ ದಾಟುವಾಗ ತಲೆಯೆತ್ತಿ ನನ್ನನ್ನು ನೋಡಿ, "ಅಕ್ಕಾ, ಇದು ಹತ್ತಿದಾಗಿಂದ ಮಲಗೇ ಇಲ್ಲ" ಎಂದಳು.

ಕಂಬಿ ಹಿಡಿದು ನಿಂತಲ್ಲೇ ನನಗೆ ನಮ್ಮ ಲ್ಯಾಬಿನ ಮೇಜು ನೆನಪಾಯಿತು.

ಆ ಮೇಜಿನ ಕಥೆ ಹೇಳಲೇಬೇಕು. ನಮ್ಮ ಪಕ್ಕದ ಶೆಡ್ಡಿನಲ್ಲಿ ತಗಡು ಒತ್ತುವ ಪ್ರೆಸ್ ಇದೆ. ಅದು ಒಂದೊಂದು ಸಲ ಗುದ್ದಿದಾಗಲೂ ನಮ್ಮ ನೆಲ ನಡುಗುತ್ತದೆ. ಮೊದಲು ನಾವು ಮರದ ಮೇಜಿನ ಮೇಲೆ ಅಳೆಯುತ್ತಿದ್ದಾಗ ಡಬ್ಬಿ ಆ ಗುದ್ದಿಗೆ ಎದ್ದು ಎದ್ದು ಕೂರುತ್ತಿತ್ತು, ಅಳತೆ ಕೆಡುತ್ತಿತ್ತು. ಆಗ ನಾನು ಹಟ ಹಿಡಿದು, ನಾಲ್ಕು ಜನ ಎತ್ತಿದರೂ ಏಳದ ಕಲ್ಲಿನ ಮೇಜು ತರಿಸಿದೆ. ಅದರ ಕಾಲುಗಳ ಕೆಳಗೆ ದಪ್ಪ ರಬ್ಬರಿನ ದಿಂಬು ಹಾಕಿಸಿದೆ. ಮೇಲೆ ಒಂದು ಬೋರ್ಡು ತೂಗುಹಾಕಿಸಿದೆ: ಯಂತ್ರ ಮಲಗಿದೆ, ಮೇಜು ಮುಟ್ಟಬೇಡಿ. ಅದರ ಮೇಲೆ ಕಾಫಿ ಲೋಟ ಇಡುವಂತಿರಲಿಲ್ಲ, ಮೊಣಕೈ ಊರುವಂತಿರಲಿಲ್ಲ. ಹೊಸದಾಗಿ ಸೇರಿದವರಿಗೆ ಮೊದಲ ದಿನ ಕಲಿಸುತ್ತಿದ್ದ ಪಾಠವೇ ಇದು. ಆಯುಧಪೂಜೆಯ ದಿನ ಎಲ್ಲಕ್ಕಿಂತ ಮೊದಲು ಕುಂಕುಮ ಬಿದ್ದದ್ದು ಆ ಮೇಜಿಗೆ, ಅದೂ ನನ್ನ ಕೈಯಿಂದ, ಮೆಲ್ಲಗೆ. ಡಬ್ಬಿ ಎರಡು ದಿನ ಬರುತ್ತದೆ ಎಂದು ನಾವು ಬೀಗುತ್ತಿದ್ದದ್ದು ಈ ಮೇಜನ್ನು ನಂಬಿಕೊಂಡು. ಅಂದರೆ ಡಬ್ಬಿಯ ರೋಗವನ್ನು ಪ್ರೆಸ್ ನಮಗೆ ಮೊದಲ ದಿನದಿಂದಲೂ ತೋರಿಸುತ್ತಿತ್ತು. ನಾವು ಆರು ತಿಂಗಳು ಕಷ್ಟಪಟ್ಟು, ಶ್ರದ್ಧೆಯಿಂದ, ಆ ರೋಗ ನಮ್ಮ ಕಣ್ಣಿಗೆ ಬೀಳದ ಹಾಗೆ ಮಾಡಿಕೊಂಡಿದ್ದೆವು.

ಅಂಗಡಿ ತಲುಪಿದ ಮೇಲೆ ಉಳಿದದ್ದೂ ಗೊತ್ತಾಯಿತು. ಸಾಹೇಬರು ಕೌಂಟರಿನ ಹಿಂದೆ ನಿಂತು ಮೊದಲ ಗಿರಾಕಿಗೆ ಲೇಸು ಅಳೆದರು. ಎಡಗೈಯಲ್ಲಿ ರೋಲು, ಬಲಗೈಯಲ್ಲಿ ಲೇಸಿನ ತುದಿ, ಕೌಂಟರಿನ ಮೇಲಿನ ಮೀಟರ್ ಕಡ್ಡಿಯುದ್ದಕ್ಕೂ ಒಂದೇ ಎಳೆತ. ಎಷ್ಟು ಚೆಂದದ ಎಳೆತ! ಒಂದೊಂದು ಎಳೆತಕ್ಕೂ ಎದೆಯ ಮೇಲಿನ ಡಬ್ಬಿ ಗಂಟೆಯ ನಾಲಗೆಯ ಹಾಗೆ ಆ ಕಡೆ ಈ ಕಡೆ ತೂಗಿತು. ವ್ಯಾಪಾರ ಜೋರಿದ್ದ ದಿನ ಮೂರಕ್ಕೇ ಕೈಕೊಡುತ್ತದೆ ಎಂದು ಅವರು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಉತ್ತರ ಅದರಲ್ಲೇ ಇತ್ತು. ನಾನು ಓದಿಯೂ ಓದಿರಲಿಲ್ಲ.

ಅಂಗಡಿಯ ಮುಂದೆಯೇ, ಅವರ ತಮ್ಮನೂ ಕೇಳುವ ಹಾಗೆ, ತಪ್ಪು ನನ್ನದು ಸಾಹೇಬ್ರೇ, ಆವತ್ತು ಹಾಗೆ ಹೇಳಬಾರದಿತ್ತು ಎಂದೆ. ಅವರು ಡಬ್ಬಿ ಎತ್ತಿ ನಿಧಾನವಾಗಿ ಟೈಪ್ ಮಾಡಿದರು. "ರೋಡ್ ನೀವು ಮಾಡಿಲ್ಲ ಬಿಡಿ ಮೇಡಂ" ಎಂದಿತು ಡಬ್ಬಿ, ವಾರ್ತೆ ಓದುವವರ ಧ್ವನಿಯಲ್ಲಿ. ಹುಡುಗಿ ನಕ್ಕು ನಕ್ಕು ಲ್ಯಾಪ್‌ಟಾಪು ಬೀಳಿಸುವುದರಲ್ಲಿದ್ದಳು.

ಆಫೀಸಿಗೆ ಬಂದು ಹೇಳಿದಾಗ ಮ್ಯಾನೇಜರಿಗೆ ಸುಲಭದ ದಾರಿ ಹೊಳೆಯಿತು. ಎತ್ತಿದರೆ ಏಳುವುದನ್ನೇ ತೆಗೆದುಬಿಡೋಣ, ಬೇಕಾದಾಗ ಗುಂಡಿ ಒತ್ತಿಕೊಳ್ಳಲಿ ಎಂದರು. ನನಗೂ ಒಂದು ಕ್ಷಣ ಅದೇ ಸರಿ ಎನ್ನಿಸಿತು. ಸಾಹೇಬರಿಗೆ ಮೆಸೇಜ್ ಮಾಡಿ ಕೇಳಿದೆವು. ಅವರ ಉತ್ತರ ಚಿಕ್ಕದಾಗಿತ್ತು. ಎರಡು ಕೈಯಲ್ಲೂ ಲೇಸು ಇರುತ್ತದೆ, ಮಣಿಕಟ್ಟಿನಿಂದ ಡಬ್ಬಿ ಎತ್ತಿ ಒಂದೇ ಬೆರಳಲ್ಲಿ ಮಾತಾಡುತ್ತೇನೆ, ಗುಂಡಿ ಹುಡುಕುತ್ತ ಕೂತರೆ ಗಿರಾಕಿ ಎದುರಿನ ಅಂಗಡಿಯಲ್ಲಿರುತ್ತಾನೆ. ಇನ್ನು ದೊಡ್ಡ ಬ್ಯಾಟರಿ ಹಾಕೋಣವೆಂದರೆ ಆಪರೇಷನ್ ಆದ ಕೊರಳಿಗೆ ಆ ಭಾರ ಹೊರಿಸಬೇಕು. ನನಗೆ ಮೂಗಿನ ತುದಿಯಲ್ಲೇ ಕೋಪ. ಇಪ್ಪತ್ತು ವರ್ಷ ಯಂತ್ರಗಳನ್ನು ಮಲಗಿಸಿ ಕೊನೆಗೆ ಗುಂಡಿ ಒತ್ತಿಕೊಳ್ಳಿ ಎಂದು ಕೈತೊಳೆದುಕೊಳ್ಳುವ ಹಾಗಿದ್ದರೆ ನಾನೇಕೆ ಬೇಕು ಎಂದು ಮ್ಯಾನೇಜರ ಮುಂದೆ ಮೀಟಿಂಗಿನಲ್ಲೇ ಕೂಗಾಡಿದೆ. ಅವರು ಕನ್ನಡಕ ಒರೆಸಿಕೊಂಡು, ಶನಿವಾರದವರೆಗೆ ನಿಮ್ಮಿಷ್ಟ, ಆಮೇಲೆ ಗುಂಡಿ ಎಂದು ಎದ್ದು ಹೋದರು.

ಉಳಿದದ್ದು ಹನ್ನೊಂದು ದಿನ. ಮೊದಲನೆಯ ಕೆಲಸವಾಗಿ ಮೇಜಿನ ಕೆಳಗಿನ ರಬ್ಬರನ್ನು ಕಿತ್ತೆಸೆದೆವು. ನಾಲ್ಕಲ್ಲ, ಆರು ಜನ ಸೇರಿ ಆ ಮೇಜನ್ನು ಪ್ರೆಸ್ಸಿನ ಗೋಡೆಗೆ ಒತ್ತರಿಸಿ ಇಟ್ಟೆವು. ಬೋರ್ಡನ್ನು ನಾನೇ ಇಳಿಸಿದೆ. ಹುಡುಗಿ ಮೇಜಿನ ಮೇಲೆ ಬೇಕೆಂದೇ ಕಾಫಿ ಲೋಟ ತಂದಿಟ್ಟು ನನ್ನ ಮುಖ ನೋಡಿದಳು. ಕಮರ್ಷಿಯಲ್ ಸ್ಟ್ರೀಟಿನಿಂದ ಹತ್ತು ರೋಲು ಲೇಸು ತರಿಸಿದೆವು. ಆ ವಾರ ನಮ್ಮ ಆಫೀಸಿಗೆ ಯಾರಾದರೂ ಬಂದಿದ್ದರೆ, ಇಂಜಿನಿಯರುಗಳೆಲ್ಲ ಕೊರಳಿಗೆ ಡಬ್ಬಿ ಕಟ್ಟಿಕೊಂಡು ಸಾಲಾಗಿ ನಿಂತು ಲೇಸು ಎಳೆಯುವುದನ್ನು ಕಂಡು ಟೈಲರಿಂಗ್ ಕ್ಲಾಸು ಎಂದುಕೊಳ್ಳುತ್ತಿದ್ದರು. ಬೆಳಿಗ್ಗೆ ಸಂಜೆ ನಾನೂ ಹುಡುಗಿಯೂ ಬಸ್ಸಿನಲ್ಲಿ ಟಿನ್ ಫ್ಯಾಕ್ಟರಿಯಿಂದ ಶಿವಾಜಿನಗರಕ್ಕೆ ಹೋಗಿ ಬಂದು ರಸ್ತೆಯ ಗುಂಡಿಗಳನ್ನೆಲ್ಲ ಲ್ಯಾಪ್‌ಟಾಪಿಗೆ ತುಂಬಿಕೊಂಡೆವು.

ಆ ಸೆನ್ಸರಿನೊಳಗೆ ಒಂದು ಪುಟಾಣಿ ಮಿದುಳಿದೆ. ದೊಡ್ಡ ಪ್ರೊಸೆಸರ್ ಮಲಗಿದ್ದಾಗಲೂ ಅದು ಚಿಟಿಕೆಯಷ್ಟು ಕರೆಂಟಿನಲ್ಲಿ ಎಚ್ಚರವಾಗಿರಬಲ್ಲದು. ಇಷ್ಟು ದಿನ ಅದಕ್ಕೆ ನಾವು ಹೇಳಿದ್ದು ಒಂದೇ ಮಾತು, ಅಲುಗಿದರೆ ಎಬ್ಬಿಸು ಎಂದು. ಈಗ ಅಲುಗಾಟ ಎಂಥದೆಂದು ನೋಡಿ ಎಬ್ಬಿಸು ಎಂದು ಕಲಿಸಿದೆವು. ರಸ್ತೆಗುಂಡಿಯ ಏಟು ಬಂದ ಹಾಗೇ ಹೋಗುತ್ತದೆ. ಲೇಸಿನ ಎಳೆತ ಪಕ್ಕಕ್ಕೆ ತೂಗಿ ವಾಪಸ್ಸು ಬರುತ್ತದೆ. ಮಾತಾಡಲು ಎತ್ತಿದ ಕೈ ಮಾತ್ರ ಮೇಲೆ ಹೋಗಿ, ವಾಲಿ, ಅಲ್ಲೇ ನಿಲ್ಲುತ್ತದೆ. ಹಾಗೆ ನಿಂತರೆ ಮಾತ್ರ ದೊಡ್ಡವರನ್ನು ಕರೆ. ದೊಡ್ಡವರಿಗೂ ಬುದ್ಧಿ ಹೇಳಿದೆ: ಎದ್ದ ಕೂಡಲೇ ಮನೆಮಂದಿಯನ್ನೆಲ್ಲ ಎಬ್ಬಿಸಬೇಡ. ಪರದೆ ಮತ್ತು ಸ್ಪೀಕರ್ ಸಾಕು, ರೇಡಿಯೊ ಮಲಗಿರಲಿ. ಎರಡು ಸೆಕೆಂಡಿನಲ್ಲಿ ಬೆರಳು ಬೀಳದಿದ್ದರೆ ಸುಮ್ಮನೆ ಮತ್ತೆ ಮಲಗು.

ಬುಧವಾರ ಅದನ್ನು ಸಾಹೇಬರ ಕೈಗೆ ಕೊಟ್ಟೆವು. ಬಸ್ಸಿನಲ್ಲಿ ಚೆನ್ನಾಗಿ ಮಲಗಿತು, ಅಂಗಡಿಯಲ್ಲಿ ಲೇಸಿನ ಎಳೆತಕ್ಕೂ ಏಳದೆ ಮಲಗಿತು. ಆದರೆ ಸಾಹೇಬರು ಎತ್ತಿದರೆ ಏಳಲೇ ಇಲ್ಲ! ನಾವೆಲ್ಲ ಆಫೀಸಿನಲ್ಲಿ ಡಬ್ಬಿಯನ್ನು ಫೋನಿನ ಹಾಗೆ ನೇರವಾಗಿ ಮುಖದೆದುರು ಎತ್ತಿದ್ದೆವು. ಅವರಿಗೆ ಕೊರಳು ಬಗ್ಗಿಸಲಾಗದು, ಡಬ್ಬಿಯನ್ನು ಎಡ ಭುಜದ ಕಡೆಗೆ ಓರೆಯಾಗಿ ಎತ್ತುತ್ತಾರೆ. ಮತ್ತೆ ಅದೇ ತಪ್ಪು, ಬಳಸುವವರನ್ನು ಬಿಟ್ಟು ನಮ್ಮನ್ನೇ ಅಳೆದುಕೊಂಡಿದ್ದೆವು. ತಮ್ಮ ಒಳಗಿನಿಂದ ನೋಡುತ್ತಿದ್ದ. ಅವನು ಮುಂದೆ ಬಂದು ಅಣ್ಣನ ಭುಜ ಮೆಲ್ಲಗೆ ತಟ್ಟಿ ಗಿರಾಕಿಯನ್ನು ತಾನು ವಿಚಾರಿಸಿಕೊಂಡ. ಇನ್ನೆರಡೇ ದಿನ. ಗುರುವಾರ ಸಾಹೇಬರೇ ಅಂಗಡಿ ಬಿಟ್ಟು ದೊಡ್ಡನೆಕ್ಕುಂದಿಗೆ ಬಂದು ಪ್ರೆಸ್ಸಿನ ಗೋಡೆಗೆ ಒರಗಿಸಿದ ಮೇಜಿನ ಪಕ್ಕ ನಿಂತು ನೂರು ಸಲ ಡಬ್ಬಿ ಎತ್ತಿದರು. ಖುಷಿಯಲ್ಲಿ ಎತ್ತುವುದು, ಅವಸರದಲ್ಲಿ ಎತ್ತುವುದು, ಗಿರಾಕಿಯ ಮೇಲೆ ಸಿಟ್ಟು ಬಂದಾಗ ಎತ್ತುವುದು, ಎಲ್ಲ ಮಾಡಿ ತೋರಿಸಿದರು. ಸಿಟ್ಟಿನದನ್ನು ಎರಡು ಸಲ ಮಾಡಿಸಿದೆವು, ಅಷ್ಟು ಚೆನ್ನಾಗಿತ್ತು.

ಶನಿವಾರ ಬೆಳಿಗ್ಗೆ ಅವರು ಮಾಮೂಲಿನ ಬಸ್ಸಿನಲ್ಲೇ ಅಂಗಡಿಗೆ ಹೋದರು. ನಾವಿಬ್ಬರೂ ಮೂರು ಗಂಟೆಯ ಹೊತ್ತಿಗೆ ಹೋಗಿ ಎದುರಿನ ಟೀ ಅಂಗಡಿಯ ಕಟ್ಟೆಯ ಮೇಲೆ ಕೂತೆವು. ಗಲ್ಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮದುವೆ ಬಟ್ಟೆಯ ಕವರುಗಳನ್ನು ಹಿಡಿದ ಹೆಂಗಸರು ಲೇಸಿನಂಗಡಿಯ ಮುಂದೆ ಮೂರು ಸಾಲು ನಿಂತಿದ್ದರು. ತಮ್ಮನೂ ಕೌಂಟರಿನ ಒಂದು ಮೂಲೆಯಲ್ಲಿ ನಿಂತು ಗಡಿಯಾರ ನೋಡುತ್ತಿದ್ದ. ನಾನೂ ನೋಡುತ್ತಿದ್ದೆ. ಮೂರೂವರೆ. ಸಾಹೇಬರು ಎಳೆಯುತ್ತಿದ್ದರು, ಡಬ್ಬಿ ತೂಗುತ್ತಿತ್ತು, ಅದರ ಪರದೆ ಕಪ್ಪಾಗಿಯೇ ಇತ್ತು. ಕಪ್ಪು ಪರದೆಯನ್ನು ನೋಡಿ ಅಷ್ಟು ಸುಖಪಟ್ಟವಳು ನಾನೊಬ್ಬಳೇ ಇರಬೇಕು. ಯಾರೋ ಏನೋ ಕೇಳಿದರು, ಡಬ್ಬಿ ಓರೆಯಾಗಿ ಮೇಲೆ ಬಂತು, ಹೊತ್ತಿಕೊಂಡಿತು, ಮಾತಾಡಿತು, ಆರಿತು.

ನಾಲ್ಕು ಗಂಟೆಯಾಯಿತು. ಹುಡುಗಿ ನನ್ನ ಮಣಿಕಟ್ಟನ್ನು ಹಿಡಿದುಕೊಂಡಳು. ನಾಲ್ಕೂಕಾಲಾಯಿತು. ನಾಲ್ಕೂವರೆಗೆ ಸಾಹೇಬರು ನಮ್ಮ ಕಡೆ ತಿರುಗಿ ಡಬ್ಬಿಯ ಪರದೆಯನ್ನು ಎತ್ತಿ ತೋರಿಸಿದರು, ಬ್ಯಾಟರಿ ಅರ್ಧಕ್ಕಿಂತ ಮೇಲೇ ಇತ್ತು. ನಾನು ಟೀ ಲೋಟ ಕೆಳಗಿಟ್ಟು ಎದ್ದು ನಿಂತುಬಿಟ್ಟೆ. ಐದಾಯಿತು, ಆರಾಯಿತು. ಡಬ್ಬಿ ತಮಿಳಿನಲ್ಲಿ ಬಣ್ಣ ಹೇಳಿತು, ಉರ್ದುವಿನಲ್ಲಿ ಯಾರದೋ ಮಗಳಿಗೆ ಮುಬಾರಕ್ ಹೇಳಿತು, ಕನ್ನಡದಲ್ಲಿ ನೂಲಿನ ಗ್ಯಾರಂಟಿ ಕೊಟ್ಟಿತು. ಗುಂಡಿ ಕೊಳ್ಳಲು ಬಂದ ಒಬ್ಬಾಕೆ ಎರಡು ರೋಲು ಜರಿ ಅಂಚು ಹೊತ್ತುಕೊಂಡು ಹೋಗಿದ್ದನ್ನು ನಾನು ಕಣ್ಣಾರೆ ಕಂಡೆ.

ಆರೂವರೆಗೆ ರಿಚರ್ಡ್ಸ್ ಟೌನಿನಿಂದ ಬಂದ ಒಬ್ಬರು ಹಿರಿಯ ಹೆಂಗಸು ಕೌಂಟರಿಗೆ ಬಂದರು. ಚೌಕಾಸಿಯಲ್ಲಿ ಪಳಗಿದ ಕೈ. ಲೇಸನ್ನು ಬೆಳಕಿಗೆ ಹಿಡಿದು ನೋಡಿದರು, ಎಳೆದು ನೋಡಿದರು, ಎದುರಿನ ಅಂಗಡಿಯಲ್ಲಿ ಇದಕ್ಕೆ ಅರ್ಧ ಬೆಲೆ ಎಂದರು. ಸಾಹೇಬರು ಟೈಪ್ ಮಾಡಿದರು. ಆಕೆ ಮತ್ತೊಂದು ಹೇಳಿದರು. ಸಾಹೇಬರು ಅದಕ್ಕೂ ಕೊಟ್ಟರು. ಸುತ್ತ ನಿಂತವರು ತಮ್ಮ ಕೆಲಸ ಬಿಟ್ಟು ಇವರಿಬ್ಬರನ್ನೇ ನೋಡತೊಡಗಿದರು. ಹೆಂಗಸು ಕೊನೆಯ ಅಸ್ತ್ರವಾಗಿ ಲೇಸನ್ನು ಕೌಂಟರಿನ ಮೇಲೆ ಬಿಟ್ಟು, ಹೋಗುವವರ ಹಾಗೆ ಅರ್ಧ ತಿರುಗಿದರು.

ತಮ್ಮ ತಡೆಯಲಾರದೆ ಮೂಲೆಯಿಂದ ಮುಂದೆ ಬಂದ. "ಅಮ್ಮಾ, ಬನ್ನಿ, ನೀವು ಹೇಳಿದ್ದಕ್ಕೇ—"

ಡಬ್ಬಿ ಮೇಲೆ ಬಂತು. ಎಡ ಭುಜದ ಕಡೆಗೆ, ಓರೆಯಾಗಿ, ಗುರುವಾರ ನಾವು ಎರಡು ಸಲ ಮಾಡಿಸಿಕೊಂಡ ಆ ಸಿಟ್ಟಿನ ಧಾಟಿಯಲ್ಲಿ. ಪರದೆ ಕೂಡಲೇ ಹೊತ್ತಿತು. ಬೆರಳು ಸರಸರ ಓಡಿತು. ಡಬ್ಬಿಯ ಭಾಷೆ ಆಗ ಕನ್ನಡದಲ್ಲಿತ್ತು, ಹಾಗಾಗಿ ತಮ್ಮನಿಗೂ ಕನ್ನಡದಲ್ಲೇ ಬಿತ್ತು, ಗಲ್ಲಿಯ ಆ ತುದಿಗೂ ಕೇಳುವಷ್ಟು ಗಟ್ಟಿಯಾಗಿ.

"ಸುಮ್ನಿರು. ನಾನ್ ಮಾತಾಡ್ತಾ ಇದ್ದೀನಿ."

ನನಗೆ ಅಳು ಬಂದುಬಿಟ್ಟಿತು. ಟೀ ಅಂಗಡಿಯ ಮುಂದೆ, ಅಷ್ಟು ಜನರ ನಡುವೆ, ಹುಡುಗಿಯ ಭುಜ ಹಿಡಿದು ಅತ್ತೆ, ನಕ್ಕೆ, ಎರಡೂ ಒಟ್ಟಿಗೆ. ಹಿರಿಯ ಹೆಂಗಸು ವಾಪಸ್ಸು ತಿರುಗಿ, ನಗು ತಡೆದುಕೊಳ್ಳುತ್ತ, ಸಾಹೇಬರು ಹೇಳಿದ ಬೆಲೆಗೇ ಪರ್ಸು ತೆಗೆದರು. ತಮ್ಮ ಹಿಂದಕ್ಕೆ ಸರಿದು, ಅಣ್ಣ ಬೊಟ್ಟು ಮಾಡಿದ ರೋಲನ್ನು ಕಪಾಟಿನಿಂದ ಇಳಿಸಿಕೊಟ್ಟ.